ಟೈರು ಬೆರೆತ ಕಾಂಕ್ರೀಟಿನ ಬಲ ಎಲ್ಲಿದೆ?

ಹಳೆಯ ಟೈರಿನ ಪುಡಿ ಬೆರೆಸಿದರೆ ಕಾಂಕ್ರೀಟು ಇನ್ನಷ್ಟು ಗಟ್ಟಿಯಾಗುತ್ತದೆ ಎಂದು ನಂಬಿದವರು ಬಹಳ. ಆಗುವುದು ತದ್ವಿರುದ್ಧ. ಮರಳಿನ ಒಂದು ಪಾಲು ತೆಗೆದು ಅಷ್ಟೇ ಗಾತ್ರದ ರಬ್ಬರ್ ಚೂರು ಹಾಕಿದರೆ ಅದರ ಒತ್ತಡ ತಾಳುವ ಶಕ್ತಿ ಇಳಿಯುತ್ತದೆ. ಪಾಲು ಹೆಚ್ಚಿದಷ್ಟೂ ಇಳಿಕೆಯೂ ಹೆಚ್ಚು. ಇದನ್ನು ಮುಚ್ಚಿಟ್ಟು ‘ಕಸದಿಂದ ರಸ’ ಎಂದು ಬೀಗುವ ಬರಹ ಕಂಡರೆ ನನಗೆ ಸಿಡುಕು. ಸ್ವಾರಸ್ಯ ಇರುವುದೇ ಆ ಇಳಿಕೆಯಲ್ಲಿ.

ರಬ್ಬರು ಕಾಂಕ್ರೀಟಿಗಿಂತ ಕೆಲವು ಸಾವಿರ ಪಟ್ಟು ಮೆತ್ತಗೆ. ಹೊರೆ ಬಿದ್ದಾಗ ಅದು ಬಾಗಿ, ತನ್ನ ಪಾಲಿನ ಭಾರವನ್ನು ಸುತ್ತಲಿನ ಸಿಮೆಂಟಿನ ತಲೆಗೆ ಕಟ್ಟುತ್ತದೆ: ಚಪ್ಪಡಿ ಹೊತ್ತವರಲ್ಲಿ ಒಬ್ಬ ಮೊಣಕಾಲು ಮಡಿಸಿದ ಹಾಗೆ. ಮೇಲಾಗಿ ರಬ್ಬರಿಗೂ ನೀರಿಗೂ ಆಗಿಬರದು. ಹಸಿ ಕಾಂಕ್ರೀಟಿನಲ್ಲಿ ಪ್ರತಿ ಚೂರೂ ತನ್ನ ಒರಟು ಮೈಗೆ ಗಾಳಿಗುಳ್ಳೆ ಅಂಟಿಸಿಕೊಂಡಿರುತ್ತದೆ. ಸಿಮೆಂಟು ಬಿಗಿದ ಮೇಲೆ ಎರಡರ ನಡುವೆ ತೆಳ್ಳಗಿನ ಪೊಳ್ಳು ಉಳಿಯುತ್ತದೆ. ಬಿರುಕು ಹುಟ್ಟುವುದು ಅಲ್ಲಿಂದ. ಚೂರುಗಳನ್ನು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ನೆನೆಸಿ ತೊಳೆದರೆ ಮೈಮೇಲಿನ ಸತುವಿನ ಸ್ಟಿಯರೇಟ್ ಎಂಬ, ನೀರು ಸೇರದ ಸಾಬೂನಿನಂಥ ಪದಾರ್ಥ ಹೋಗಿ ಹಿಡಿತ ಕೊಂಚ ಸುಧಾರಿಸೀತು, ಅಷ್ಟೆ.

ಆದರೆ ಒಡೆಯುವ ರೀತಿ ನೋಡಬೇಕು. ಪರೀಕ್ಷಾ ಯಂತ್ರದಲ್ಲಿ ಸಾದಾ ಕಾಂಕ್ರೀಟಿನ ಕ್ಯೂಬ್ ಫಟ್ಟನೆ ಸಿಡಿದು ಚೂರಾಗುತ್ತದೆ. ರಬ್ಬರ್ ಬೆರೆತದ್ದು ಮೈತುಂಬ ಬಿರುಕು ಬಿಟ್ಟರೂ ಇಡಿಯಾಗಿ ನಿಂತಿರುತ್ತದೆ; ಸೀಳಿನ ಎರಡು ದಡಗಳಿಗೆ ಕಚ್ಚಿಕೊಂಡ ಕಪ್ಪು ಚೂರುಗಳು ಹಿಗ್ಗಿ ನಿಂತಿರುತ್ತವೆ. ಹೊಡೆತದ ಶಕ್ತಿ ಹೀಗೆ ಅಲ್ಲಲ್ಲೇ ಕರಗುತ್ತದೆ. ವಾಹನ ಬಂದು ಗುದ್ದುವ ತಡೆಗೋಡೆಗೆ, ನಡುಗುವ ಯಂತ್ರದ ಅಡಿಪಾಯಕ್ಕೆ ಇದು ಹೇಳಿಮಾಡಿಸಿದ್ದು. ಬಹುಮಹಡಿಯ ಕಂಬಕ್ಕೆ ಮಾತ್ರ ಬೇಡವೇ ಬೇಡ. ಹಿಮ ಬೀಳುವ ಕಡೆ ಆ ಪೊಳ್ಳುಗಳೂ ಉಪಕಾರಿಯೇ: ಒಳಗಿನ ನೀರು ಹೆಪ್ಪುಗಟ್ಟಿ ಹಿಗ್ಗುವಾಗ ಅದಕ್ಕೆ ಜಾಗ ಸಿಗುತ್ತದೆ.

ಇಷ್ಟೆಲ್ಲ ಪಾಡು ಯಾಕೆ, ಕರಗಿಸಿ ಹೊಸ ಟೈರು ಮಾಡಬಾರದೇ ಎಂದರೆ 1839ಕ್ಕೆ ಹೋಗಬೇಕು. ಚಾರ್ಲ್ಸ್ ಗುಡ್‌ಇಯರ್ ಆಗ ಕಂಡುಕೊಂಡದ್ದು ರಬ್ಬರನ್ನು ಗಂಧಕದೊಡನೆ ಕಾಯಿಸುವ ವಿದ್ಯೆ. ಗಂಧಕ ರಬ್ಬರಿನ ಉದ್ದನೆಯ ಅಣುಸರಪಳಿಗಳನ್ನು ಒಂದಕ್ಕೊಂದು ಹೊಲಿದುಬಿಡುತ್ತದೆ. ಆಮೇಲೆ ಎಷ್ಟು ಕಾಯಿಸಿದರೂ ಅದು ಸುಟ್ಟೀತೇ ಹೊರತು ಕರಗದು. (ಪಾಪ, ಆತ ಸಾಲದಲ್ಲೇ ಸತ್ತ. 1898ರಲ್ಲಿ ಶುರುವಾದ ಟೈರು ಕಂಪನಿ ಅವನ ಹೆಸರಿಟ್ಟುಕೊಂಡಿತು, ನಂಟೇನೂ ಇಲ್ಲ.)

1960ರ ದಶಕದಲ್ಲಿ ಅಮೆರಿಕದ ಫೀನಿಕ್ಸ್ ನಗರದ ಎಂಜಿನಿಯರ್ ಚಾರ್ಲ್ಸ್ ಮೆಕ್‌ಡೊನಾಲ್ಡ್ ಈ ಪುಡಿಯನ್ನು ಕಾದ ಡಾಂಬರಿಗೆ ಬೆರೆಸಿದ. ಅಲ್ಲೂ ಅದು ಕರಗಲಿಲ್ಲ. ಡಾಂಬರಿನ ಹಗುರ ಎಣ್ಣೆ ಹೀರಿ ಊದಿಕೊಂಡಿತು. ನೀರಿಗೆ ಮುಖ ತಿರುಗಿಸುವ ರಬ್ಬರು ಎಣ್ಣೆಯೊಡನೆ ಹೀಗೆ ಹೊಂದಿಕೊಳ್ಳುವುದರಿಂದಲೇ ಟೈರಿನ ಪುಡಿ ಮನೆಗಿಂತ ಮೊದಲು ರಸ್ತೆಯಲ್ಲಿ ನೆಲೆಯೂರಿತು.