ಫೋಕಸ್: ಒತ್ತಿದ ಅಕ್ಷರ ಯಾರ ಮನೆಗೆ ಹೋಗುತ್ತದೆ?

ಒಂದು ದಿನ ಪತ್ರ ಬರೆಯುತ್ತಾ ಕೂತಿದ್ದೆ. ನನಗೆ ಕೀಲಿಮಣೆ ನೋಡಿಕೊಂಡೇ ಟೈಪ್ ಮಾಡುವ ಅಭ್ಯಾಸ. ನಾಲ್ಕು ಸಾಲು ಮುಗಿಸಿ, ಎಂಟರ್ ಒತ್ತಿ, ತಲೆ ಎತ್ತಿದರೆ ಪರದೆ ಕಪ್ಪು! ನಾನು ತಲೆ ತಗ್ಗಿಸಿದ್ದ ಹೊತ್ತಿನಲ್ಲಿ ಯಾವುದೋ ಸಾಫ್ಟ್‌ವೇರ್ ಒಂದು ಪೆಟ್ಟಿಗೆ ತೆರೆದು, "ಅಪ್‌ಡೇಟ್ ಮುಗಿದಿದೆ, ಈಗಲೇ ರೀಸ್ಟಾರ್ಟ್ ಮಾಡಲೇ?" ಎಂದು ಕೇಳಿತ್ತು. ಹೊಸ ಪ್ಯಾರಾಕ್ಕೆ ಅಂತ ನಾನು ಒತ್ತಿದ ಎಂಟರ್ ಅದರ ಪಾಲಿಗೆ "ಹೂಂ, ಮಾಡು" ಎಂಬ ಉತ್ತರವಾಗಿತ್ತು. ಪತ್ರ ಸೇವ್ ಆಗಿರಲಿಲ್ಲ.

ಇದಕ್ಕೆ ಕಂಪ್ಯೂಟರ್ ಮಂದಿ ಇಟ್ಟಿರುವ ಹೆಸರು ಫೋಕಸ್ ಸ್ಟೀಲಿಂಗ್. ಕನ್ನಡದಲ್ಲಿ ಫೋಕಸ್ ಕಳವು ಅನ್ನೋಣ. ಕಳ್ಳನನ್ನು ಹುಡುಕುವ ಮೊದಲು ಕಳವಾದ ಮಾಲು ಯಾವುದು ಅಂತ ಗೊತ್ತಿರಬೇಕಲ್ವಾ?

ಪರದೆಯ ಮೇಲೆ ಹತ್ತು ವಿಂಡೋ ತೆರೆದಿರಬಹುದು, ಆದರೆ ಕೀಲಿಮಣೆ ಇರುವುದು ಒಂದೇ. ನೀವು 'ಕ' ಒತ್ತಿದರೆ ಅದು ಹತ್ತರಲ್ಲಿ ಯಾವುದಾದರೂ ಒಂದಕ್ಕೆ ಹೋಗಬೇಕು. ಈ ಕ್ಷಣ ಅದು ಯಾವುದಕ್ಕೆ ಹೋಗುತ್ತದೋ ಅದಕ್ಕೆ ಫೋಕಸ್ ಇದೆ ಅನ್ನುತ್ತಾರೆ. ಸಭೆಯ ಮೈಕ್ ಇದ್ದ ಹಾಗೆ. ವೇದಿಕೆಯ ಮೇಲೆ ಎಷ್ಟೇ ಜನ ಕೂತಿರಲಿ, ಮೈಕ್ ಯಾರ ಕೈಯಲ್ಲಿದೆಯೋ ಅವರ ಮಾತು ಮಾತ್ರ ಊರಿಗೆ ಕೇಳುತ್ತದೆ. ವಿಂಡೋದ ಒಳಗೂ ಇದೇ ಕತೆ. ಒಂದು ಫಾರ್ಮ್‌ನಲ್ಲಿ ಹೆಸರು, ಊರು, ಫೋನ್ ನಂಬರ್ ಅಂತ ಮೂರು ಖಾನೆ ಇದ್ದರೆ, ಅವುಗಳಲ್ಲಿ ಒಂದರಲ್ಲಿ ಮಾತ್ರ ಆ ಸಣ್ಣ ನಿಂತ ಗೆರೆ ಮಿಟುಕುತ್ತಿರುತ್ತದೆ. ಟ್ಯಾಬ್ ಕೀ ಒತ್ತಿದರೆ ಮೈಕ್ ಪಕ್ಕದ ಖಾನೆಗೆ ಹೋಗುತ್ತದೆ.

ಫೋಕಸ್ ಎಂಬುದು ಮೂಲದಲ್ಲಿ ಲ್ಯಾಟಿನ್ ಪದ. ಅಲ್ಲಿ ಅದರ ಅರ್ಥ ಒಲೆ, ಮನೆಮಂದಿಯೆಲ್ಲ ಸುತ್ತ ಸೇರುವ ಬೆಂಕಿಯ ಜಾಗ. 1604ರಲ್ಲಿ ಖಗೋಳ ವಿಜ್ಞಾನಿ ಯೋಹಾನ್ನೆಸ್ ಕೆಪ್ಲರ್ ಇದನ್ನು ಗಣಿತಕ್ಕೆ ಎಳೆದು ತಂದ. ಭೂತಗನ್ನಡಿ ಹಿಡಿದು ಬಿಸಿಲಿನಲ್ಲಿ ಕಾಗದ ಸುಟ್ಟವರಿಗೆ ಒಲೆಗೂ ಫೋಕಸ್‌ಗೂ ಇರುವ ನಂಟನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ವಿಜ್ಞಾನ ಪಠ್ಯಗಳಲ್ಲಿ ಮಸೂರದ ಪಾಠ ಬಂದಾಗ ಇದನ್ನು 'ಸಂಗಮ' ಅನ್ನುತ್ತಾರೆ. ಚೆಂದದ ಪದವೇ, ಆದರೆ "ಈ ವಿಂಡೋಗೆ ಸಂಗಮ ಇಲ್ಲ" ಅಂದರೆ ಯಾರಿಗೂ ತಿಳಿಯುವುದಿಲ್ಲ. ದಿನದ ಬಳಕೆಯಲ್ಲಿ ನಾವು ಇದಕ್ಕೆ ಹೆಸರೇ ಇಟ್ಟಿಲ್ಲ. "ಟೈಪೇ ಆಗ್ತಿಲ್ಲ ಕಣ್ರೀ" ಅನ್ನುತ್ತೇವೆ ಅಷ್ಟೆ. ಹೀಗೆ ಅನ್ನುವಾಗ ಬಹಳ ಸಲ ಟೈಪ್ ಆಗುತ್ತಲೇ ಇರುತ್ತದೆ, ಬೇರೆ ಕಡೆ!

ಫೋಕಸ್ ಎಲ್ಲಿದೆ ಅಂತ ಕಣ್ಣಿಗೆ ಕಾಣುತ್ತದೆಯೇ? ಮೊದಲು ಚೆನ್ನಾಗಿ ಕಾಣುತ್ತಿತ್ತು. ವಿಂಡೋಸ್ 95ರಲ್ಲಿ ಫೋಕಸ್ ಇರುವ ವಿಂಡೋದ ತಲೆಪಟ್ಟಿ ಕಡುನೀಲಿ, ಮಿಕ್ಕಿದ್ದೆಲ್ಲ ಬೂದು. ಕೋಣೆಯ ಆ ತುದಿಯಿಂದ ನೋಡಿದರೂ ಗೊತ್ತಾಗುತ್ತಿತ್ತು. ಆಮೇಲೆ ವಿನ್ಯಾಸಕಾರರಿಗೆ ಬಿಳಿ ಬಣ್ಣದ ಮೇಲೆ ಪ್ರೀತಿ ಹುಟ್ಟಿತು. 2015ರ ಜುಲೈನಲ್ಲಿ ವಿಂಡೋಸ್ 10 ಬಂದಾಗ ತಲೆಪಟ್ಟಿಗಳೆಲ್ಲ ಬಿಳಿ. ಫೋಕಸ್ ಇಲ್ಲದ ವಿಂಡೋದ ಹೆಸರು ಮಾತ್ರ ಸ್ವಲ್ಪ ಮಸುಕು. ಜನ ಗೊಣಗಿದರು. ಅದೇ ನವೆಂಬರ್‌ನ ಅಪ್‌ಡೇಟ್‌ನಲ್ಲಿ ಬಣ್ಣ ಹಾಕಿಕೊಳ್ಳುವ ಆಯ್ಕೆ ವಾಪಸ್ ಬಂತು. ಇವತ್ತಿಗೂ ಆ ಆಯ್ಕೆ ಸೆಟ್ಟಿಂಗ್ಸ್‌ನ ಒಳಗೆ ಅಡಗಿ ಕೂತಿದೆ, ತಾನಾಗಿ ಆನ್ ಆಗಿರುವುದಿಲ್ಲ. ಇದೊಂದನ್ನು ಆನ್ ಮಾಡಿಕೊಂಡರೆ ಅರ್ಧ ತಲೆನೋವು ಕಡಿಮೆ ಅನ್ನುವುದು ನನ್ನ ಅನುಭವ.

ಹಾಗೆಯೇ, ಎಲ್ಲಕ್ಕಿಂತ ಮೇಲೆ ಕಾಣುವ ವಿಂಡೋಗೇ ಫೋಕಸ್ ಇರುತ್ತದೆ ಎಂದೇನೂ ಇಲ್ಲ. ಮೂಲೆಯಲ್ಲಿ ತೇಲುವ ಪುಟ್ಟ ವಿಡಿಯೋ ಎಲ್ಲದರ ಮೇಲೆ ಕೂತಿರುತ್ತದೆ, ಆದರೆ ಕೀಲಿಮಣೆ ಕೆಳಗಿನ ವಿಂಡೋದ್ದು. ಮೌಸ್‌ನ ಚಕ್ರದ್ದು ಇನ್ನೊಂದು ದಾರಿ. ವಿಂಡೋಸ್‌ನಲ್ಲಿ ಹಿಂದೆ ಚಕ್ರ ತಿರುಗಿಸಿದರೆ ಫೋಕಸ್ ಇದ್ದ ವಿಂಡೋ ಓಡುತ್ತಿತ್ತು. ವಿಂಡೋಸ್ 10ರಿಂದ ಬಾಣದ ಗುರುತು ಯಾವ ವಿಂಡೋದ ಮೇಲಿದೆಯೋ ಅದು ಓಡುತ್ತದೆ. ಅಂದರೆ ಚಕ್ರ ಒಬ್ಬರ ಮಾತು ಕೇಳುತ್ತದೆ, ಕೀಲಿಮಣೆ ಇನ್ನೊಬ್ಬರದು. ಪುಟ ಓಡುತ್ತಿದೆ ಅಂತ ನಂಬಿ ಅಲ್ಲೇ ಟೈಪ್ ಮಾಡಲು ಹೋಗಿ ಎಷ್ಟು ಸಲ ಮೋಸಹೋಗಿದ್ದೇನೋ.

ಕ್ಲಿಕ್ ಮಾಡಿದರೆ ಫೋಕಸ್ ಬರುತ್ತದೆ, ಸರಿ. ಆ ಕ್ಲಿಕ್ ತಾನು ಬಿದ್ದ ಜಾಗದಲ್ಲಿರುವ ಗುಂಡಿಯನ್ನೂ ಒತ್ತಬೇಕೋ ಬೇಡವೋ? ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಎರಡೂ ಒಟ್ಟಿಗೇ ಆಗುತ್ತವೆ. ಮ್ಯಾಕ್‌ನಲ್ಲಿ ಹಿಂದಿರುವ ವಿಂಡೋದ ಮೇಲೆ ಬಿದ್ದ ಮೊದಲ ಕ್ಲಿಕ್ ಬಹುಮಟ್ಟಿಗೆ ಅದನ್ನು ಮುಂದೆ ತರುವುದಕ್ಕಷ್ಟೇ, ಗುಂಡಿ ಒತ್ತಲು ಇನ್ನೊಂದು ಕ್ಲಿಕ್ ಬೇಕು. ಆಫೀಸಿನಲ್ಲಿ ಒಂದು, ಮನೆಯಲ್ಲಿ ಇನ್ನೊಂದು ಬಳಸುವವರನ್ನು ಕೇಳಿ ನೋಡಿ. ಮ್ಯಾಕ್‌ನಲ್ಲಿ ಕ್ಲಿಕ್ ಮಾಡಿ ಸುಮ್ನೆ ಕಾಯುತ್ತಾರೆ, ವಿಂಡೋಸ್‌ನಲ್ಲಿ ಬೇಡದ ಗುಂಡಿ ಒತ್ತಿ ನಾಲಿಗೆ ಕಚ್ಚಿಕೊಳ್ಳುತ್ತಾರೆ. ವಿಂಡೋಸ್, ಮ್ಯಾಕ್‌ಗಳ ಹಾಗೆ ಇನ್ನೊಂದು ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್ ಬಳಗದಲ್ಲಿ ಕ್ಲಿಕ್ಕೇ ಬೇಡ ಎನ್ನುವ ಪಂಗಡವೂ ಇದೆ. ಮೌಸ್ ಯಾವ ವಿಂಡೋದ ಮೇಲೆ ಸರಿದರೂ ಸಾಕು, ಫೋಕಸ್ ಅದಕ್ಕೆ. ರೂಢಿಯಾದವರು ಇದನ್ನು ಬಿಟ್ಟುಕೊಡುವುದಿಲ್ಲ. ನಾನು ಎರಡು ದಿನ ಪ್ರಯತ್ನಪಟ್ಟು ಕೈಬಿಟ್ಟೆ. ಕಾಫಿ ಲೋಟ ಇಡುವಾಗ ಮೌಸ್‌ಗೆ ಕೈ ತಗುಲಿದರೆ ಸಾಕು, ವಾಕ್ಯದ ಬಾಲ ಪಕ್ಕದ ವಿಂಡೋದಲ್ಲಿ.

ಈಗ ಕಳ್ಳನ ವಿಷಯ. ಮೊದಮೊದಲು ಯಾವ ಪ್ರೋಗ್ರಾಂ ಬೇಕಾದರೂ "ನನ್ನನ್ನು ಮುಂದೆ ತಾ" ಅಂತ ವಿಂಡೋಸನ್ನು ಕೇಳಬಹುದಿತ್ತು, ಅದು ಮರುಮಾತಿಲ್ಲದೆ ತರುತ್ತಿತ್ತು. ವಿಂಡೋಸ್ 98 ಮತ್ತು 2000ದಲ್ಲಿ ಇದಕ್ಕೆ ಬೇಲಿ ಹಾಕಿದರು. ನೀವು ಒಂದು ವಿಂಡೋದಲ್ಲಿ ಕೆಲಸ ಮಾಡುತ್ತಿರುವಾಗ ಬೇರೆ ಪ್ರೋಗ್ರಾಂ ಮುಂದೆ ನುಗ್ಗುವಂತಿಲ್ಲ. ಕೆಳಗಿನ ಟಾಸ್ಕ್‌ಬಾರ್‌ನಲ್ಲಿ ಅದರ ಗುಂಡಿ ಮಿನುಗುತ್ತಾ ಕಾಯಬೇಕು. ಅಲ್ಲಿ ಆಗಾಗ ಕಿತ್ತಳೆ ಬಣ್ಣಕ್ಕೆ ತಿರುಗಿ ನಿಲ್ಲುವ ಗುಂಡಿ ನೋಡಿರುತ್ತೀರಿ. ಅದು ಬೇಲಿಯಾಚೆ ನಿಂತು ಕೆಮ್ಮುತ್ತಿರುವ ಪ್ರೋಗ್ರಾಂ. ಮ್ಯಾಕ್‌ನಲ್ಲಿ ಇದೇ ಕೆಲಸವನ್ನು ಡಾಕ್ ಎಂಬ ಆ್ಯಪ್‌ಗಳ ಪಟ್ಟಿಯ ಐಕಾನ್ ಕುಣಿದು ಮಾಡುತ್ತದೆ. 2023ರ ಮ್ಯಾಕ್ಓಎಸ್ ಸೊನೋಮಾ ನಿಯಮವನ್ನು ಇನ್ನಷ್ಟು ಬಿಗಿ ಮಾಡಿತು. ಮುಂದಿರುವ ಆ್ಯಪ್ ಜಾಗ ಬಿಟ್ಟುಕೊಡಬೇಕು, ಹಿಂದಿನದು ಕೇಳಿಕೊಳ್ಳಬಹುದಷ್ಟೇ.

ಹಾಗಾದರೆ ಕಳವು ಯಾಕೆ ನಿಂತಿಲ್ಲ? ಬೇಲಿಗೆ ಗೇಟು ಇಡಲೇಬೇಕು ನೋಡಿ. ನೀವೇ ತೆರೆದ ಪ್ರೋಗ್ರಾಂ ಮುಂದೆ ಬರಬೇಕಲ್ಲ. ದೊಡ್ಡದೊಂದು ಪ್ರೋಗ್ರಾಂ ಮೇಲೆ ಕ್ಲಿಕ್ ಮಾಡುತ್ತೀರಿ. ಅದು ಎದ್ದೇಳಲು ಅರ್ಧ ನಿಮಿಷ. ಅಷ್ಟರಲ್ಲಿ ಒಂದು ಮೇಲ್‌ಗೆ ಉತ್ತರ ಬರೆಯೋಣ ಅಂತ ಹೊರಳುತ್ತೀರಿ. ಎರಡನೇ ಸಾಲಿನಲ್ಲಿದ್ದಾಗ ಆ ಪ್ರೋಗ್ರಾಂ ಎದ್ದು ಬಂದು ಮೈಕ್ ಕಿತ್ತುಕೊಳ್ಳುತ್ತದೆ. ಅದರ ಕಡೆಯಿಂದ ನೋಡಿದರೆ ತಪ್ಪೇನಿಲ್ಲ, ಕರೆದವರು ನೀವೇ! ಲಿನಕ್ಸ್‌ನ ಕೆಲವು ವಿಂಡೋ ಮ್ಯಾನೇಜರ್‌ಗಳು (ವಿಂಡೋಗಳನ್ನು ಸಂಭಾಳಿಸುವ ಪ್ರೋಗ್ರಾಂಗಳು) ಇಲ್ಲಿ ಜಾಣತನ ತೋರಿಸುತ್ತವೆ. ಪ್ರೋಗ್ರಾಂಗೆ ಕ್ಲಿಕ್ ಮಾಡಿದ ಹೊತ್ತು, ನೀವು ಕೊನೆಯ ಸಲ ಬೇರೆ ಕಡೆ ಕೀ ಒತ್ತಿದ ಹೊತ್ತು, ಎರಡನ್ನೂ ಹೋಲಿಸುತ್ತವೆ. ಕ್ಲಿಕ್ ಆದ ಮೇಲೆ ನೀವು ಬೇರೆ ಕಡೆ ಟೈಪ್ ಮಾಡಿದ್ದರೆ, ಹೊಸ ವಿಂಡೋ ಹಿಂದೆಯೇ ತೆರೆದುಕೊಳ್ಳುತ್ತದೆ. ಲಿನಕ್ಸ್‌ನದ್ದೇ ಆದ ಕೆಡಿಇ ಡೆಸ್ಕ್‌ಟಾಪ್‌ನಲ್ಲಿ ಫೋಕಸ್ ಕಳವು ತಡೆಗೆ ಅಂತಲೇ ಒಂದು ಸೆಟ್ಟಿಂಗ್ ಇದೆ. ಎಷ್ಟು ಬಿಗಿ ಬೇಕು ಅಂತ ನೀವೇ ಆರಿಸಿಕೊಳ್ಳಬಹುದು. ಇಂಥದ್ದೊಂದು ಗುಂಡಿ ಎಲ್ಲ ಕಂಪ್ಯೂಟರ್‌ನಲ್ಲೂ ಎದುರಿಗೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ನಾವು ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇದರ ಪೆಟ್ಟು ಡಬಲ್. ವಿಂಡೋಸ್ 7ರವರೆಗೆ ಭಾಷೆಯ ಆಯ್ಕೆ ಒಂದೊಂದು ವಿಂಡೋಗೆ ಒಂದೊಂದು. ಇಲ್ಲಿ ಕನ್ನಡ, ಪಕ್ಕಕ್ಕೆ ಹೋದರೆ ಇಂಗ್ಲಿಷ್. ವಿಂಡೋಸ್ 8ರಿಂದ ಎಲ್ಲಕ್ಕೂ ಒಂದೇ ಭಾಷೆ, ಹಳೆಯ ಪದ್ಧತಿ ಬೇಕಾದವರಿಗೆ ಸೆಟ್ಟಿಂಗ್ ಇದೆ. ಯಾವುದನ್ನು ಇಟ್ಟುಕೊಂಡರೂ ಫೋಕಸ್ ಜಾರಿದ ಕೂಡಲೇ ಎಡವಟ್ಟು. ಇನ್‌ಸ್ಕ್ರಿಪ್ಟ್ ಎಂಬ ಕನ್ನಡ ಕೀಲಿ ವಿನ್ಯಾಸದಲ್ಲಿ "ನಾನು" ಅಂತ ಒತ್ತಿದ್ದು ಇಂಗ್ಲಿಷ್‌ನಲ್ಲಿರುವ ವಿಂಡೋಗೆ ಹೋದರೆ ಅಲ್ಲಿ ವಿ, ಇ, ವಿ, ಜಿ ಎಂಬ ನಾಲ್ಕು ಅಕ್ಷರ ಕೂತಿರುತ್ತವೆ. ಕಂಡರೆ ಅಳಿಸಬಹುದು. ಪಾಸ್‌ವರ್ಡ್ ಖಾನೆಯಲ್ಲಿ ಬರೀ ಚುಕ್ಕಿ ಕಾಣುವುದರಿಂದ ಕನ್ನಡ ಬಿದ್ದಿದೆಯೋ ಇಂಗ್ಲಿಷೋ ತಿಳಿಯುವುದೇ ಇಲ್ಲ. ಮೂರು ಸಲ ತಪ್ಪಿದ ಮೇಲೆ ಖಾತೆ ಲಾಕ್. ಇನ್ನು ಪಾಸ್‌ವರ್ಡ್ ಅಂತ ಟೈಪ್ ಮಾಡಿದ್ದು ಸೀದಾ ಆಫೀಸಿನ ಚಾಟ್ ಗುಂಪಿಗೆ ಹೋದವರ ಕತೆ ಬೇಡ ಬಿಡಿ.

ಟ್ಯಾಬ್ಲೆಟ್‌ಗೆ ಬಂದರೆ ಫೋಕಸ್ ಬೇರೆಯದೇ ಆಟ ಆಡುತ್ತದೆ. 2010ರಲ್ಲಿ ಐಪ್ಯಾಡ್ ಬಂದಾಗ ಈ ಗೋಜೇ ಇರಲಿಲ್ಲ. ಒಂದು ಹೊತ್ತಿಗೆ ಒಂದೇ ಆ್ಯಪ್, ಇಡೀ ಪರದೆ ಅದರದ್ದು. 2015ರಲ್ಲಿ ಐಓಎಸ್ 9 ಜೊತೆ ಎರಡು ಆ್ಯಪ್ ಅಕ್ಕಪಕ್ಕ ಇಡುವ ಸ್ಪ್ಲಿಟ್ ವ್ಯೂ ಬಂತು, 2022ರಲ್ಲಿ ಸ್ಟೇಜ್ ಮ್ಯಾನೇಜರ್, 2025ರ ಐಪ್ಯಾಡ್ಓಎಸ್ 26ರಲ್ಲಿ ಕಂಪ್ಯೂಟರ್ ಥರದ್ದೇ ವಿಂಡೋಗಳು. ಎರಡು ಆ್ಯಪ್ ಪಕ್ಕಪಕ್ಕ ಬಂದ ದಿನವೇ "ಕೀಲಿಮಣೆ ಯಾರದು?" ಎಂಬ ಜಗಳವೂ ಬಂತು. ಎಡಗಡೆ ನೋಟ್ಸ್, ಬಲಗಡೆ ಪಾಠದ ವಿಡಿಯೋ. ವಿಡಿಯೋ ನಿಲ್ಲಿಸಲು ಬೆರಳಿಂದ ಅದರ ಮೇಲೆ ತಟ್ಟುತ್ತೀರಿ. ಫೋಕಸ್ ಅತ್ತ ಹೋಗಿಬಿಡಬಹುದು. ನೋಟ್ಸ್ ಬರೆಯಲು ಸ್ಪೇಸ್ ಒತ್ತಿದರೆ ಅಕ್ಷರ ಬೀಳುವುದಿಲ್ಲ, ವಿಡಿಯೋ ಮತ್ತೆ ಓಡಲು ಶುರು. ಬೆರಳು ತಟ್ಟುವುದೊಂದೇ ಸಂಜ್ಞೆ, ಅದಕ್ಕೆ "ಇದನ್ನು ಒತ್ತು" ಎಂಬ ಅರ್ಥವೂ ಇದೆ, "ಇನ್ನು ಮೈಕ್ ನಿನ್ನದು" ಎಂಬ ಅರ್ಥವೂ ಇದೆ.

ಆಂಡ್ರಾಯ್ಡ್‌ನಲ್ಲಿ ಒಂದು ಕಾಲಕ್ಕೆ ಇದು ಇನ್ನೂ ವಿಚಿತ್ರವಾಗಿತ್ತು. 2016ರ ಆಂಡ್ರಾಯ್ಡ್ 7ರಲ್ಲಿ ಪರದೆ ಎರಡು ಭಾಗ ಮಾಡುವ ಸೌಲಭ್ಯ ಬಂತು. ಆದರೆ ಎರಡರಲ್ಲಿ ಫೋಕಸ್ ಇದ್ದದ್ದು ಮಾತ್ರ ಪೂರ್ತಿ ಎಚ್ಚರ. ಇನ್ನೊಂದು ಕಣ್ಣೆದುರೇ ಇದ್ದರೂ ವ್ಯವಸ್ಥೆಯ ಲೆಕ್ಕದಲ್ಲಿ 'ಪಾಜ್' (pause) ಆದ ಸ್ಥಿತಿ, ಅಂದರೆ ಅರೆನಿದ್ದೆ. ಇದನ್ನು ನೋಡಿಕೊಂಡು ಬರೆಯದ ಆ್ಯಪ್‌ಗಳಲ್ಲಿ ಪಕ್ಕದ್ದನ್ನು ಮುಟ್ಟಿದ ಕೂಡಲೇ ವಿಡಿಯೋ ನಿಂತುಬಿಡುತ್ತಿತ್ತು. ಎರಡು ಆ್ಯಪ್ ಒಟ್ಟಿಗೆ ನೋಡಲೆಂದೇ ಇಟ್ಟ ಸೌಲಭ್ಯ ಇದು! ಕಾಣುವ ಆ್ಯಪ್‌ಗಳೆಲ್ಲ ಒಟ್ಟಿಗೆ ಎಚ್ಚರವಾಗಿರಬಹುದು ಎಂಬ ಏರ್ಪಾಡು ಬಂದದ್ದು 2019ರ ಆಂಡ್ರಾಯ್ಡ್ 10ರಲ್ಲಿ. ಎಚ್ಚರ ಎಲ್ಲಕ್ಕೂ ಸಿಕ್ಕಿತು, ಕೀಲಿಮಣೆ ಈಗಲೂ ಒಂದಕ್ಕೇ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಕಣ್ಣು ಕಾಣುವವರ ಕಿರಿಕಿರಿ. ಎನ್‌ವಿಡಿಎ ಥರದ ಸ್ಕ್ರೀನ್ ರೀಡರ್ ಬಳಸುವವರಿಗೆ ಫೋಕಸ್ ಅಂದರೆ ಕಣ್ಣೇ. ಫೋಕಸ್ ಎಲ್ಲಿಗೆ ಹೋಗುತ್ತದೋ ಅಲ್ಲಿರುವುದನ್ನು ಅದು ಓದಿ ಹೇಳುತ್ತದೆ. ಮಧ್ಯದಲ್ಲಿ ಒಂದು ಪೆಟ್ಟಿಗೆ ನುಗ್ಗಿದರೆ ಓದುತ್ತಿದ್ದ ಸಾಲು ಅಲ್ಲೇ ತುಂಡಾಗಿ ಬೇರೆ ಏನೋ ಕೇಳಿಸುತ್ತದೆ. ಮೌಸ್ ಹಿಡಿಯಲಾಗದೆ ಟ್ಯಾಬ್ ಕೀಯಿಂದಲೇ ಓಡಾಡುವವರದ್ದೂ ಹತ್ತಿರ ಹತ್ತಿರ ಇದೇ ಪಾಡು. ಫೋಕಸ್ ಎಲ್ಲಿದೆ ಎಂಬುದು ಕಣ್ಣಿಗೆ ಕಾಣಲೇಬೇಕು ಅಂತ ವೆಬ್ ಪುಟಗಳ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಒಂದು ನಿಯಮವೇ ಇದೆ. ಆದರೂ ಲಿಂಕ್‌ಗಳ ಸುತ್ತ ಬರುವ ಆ ಸಣ್ಣ ಚೌಕಟ್ಟು ಅಂದಗೆಡಿಸುತ್ತದೆ ಅಂತ, ವೆಬ್ ಪುಟದ ಅಂದಚಂದ ತೀರ್ಮಾನಿಸುವ ಸಿಎಸ್‌ಎಸ್‌ನಲ್ಲಿ ಒಂದೇ ಸಾಲು ಬರೆದು ಅಳಿಸಿಹಾಕುವವರು ಜಾಸ್ತಿ.

ಕೊನೆಗೆ ಒಂದು ಗೊಂದಲ ಬಿಡಿಸಬೇಕು. ಫೋನ್‌ನಲ್ಲಿ, ಹೊಸ ಕಂಪ್ಯೂಟರ್‌ಗಳಲ್ಲಿ 'ಫೋಕಸ್' ಎಂಬ ಇನ್ನೊಂದು ಗುಂಡಿ ಇರುತ್ತದೆ. ಆ್ಯಪಲ್ ಇದನ್ನು 2021ರಲ್ಲಿ ಐಓಎಸ್ 15 ಜೊತೆ ತಂದಿತು, ವಿಂಡೋಸ್ 11ರಲ್ಲೂ ಇದೇ ಹೆಸರಿನದೊಂದಿದೆ. ಅದು ನಿಮ್ಮ ಗಮನದ ವಿಷಯ, ಕೀಲಿಮಣೆಯದಲ್ಲ. ಆನ್ ಮಾಡಿದರೆ ಮೂಲೆಯಲ್ಲಿ ಬರುವ ನೋಟಿಫಿಕೇಷನ್‌ಗಳು ಬಾಯಿ ಮುಚ್ಚಿಕೊಂಡಿರುತ್ತವೆ. ನಡುಪರದೆಯಲ್ಲಿ ತಾನೇ ವಿಂಡೋ ತೆರೆದು ನಿಲ್ಲುವ ಪ್ರೋಗ್ರಾಂ ಅದರ ಮಾತು ಕೇಳಬೇಕಿಲ್ಲ. ನನ್ನ ಪತ್ರ ತಿಂದ ಆ ಪೆಟ್ಟಿಗೆ ಬಂದಾಗ ಅದು ಆನ್ ಆಗಿಯೇ ಇತ್ತು.