ವಯಸ್ಸಿನ ಜಗಳದಲ್ಲಿ ಮರೆತುಹೋದ ಫಾರಂ

ಹದಿನೇಳರ ಹುಡುಗ ಕೊಲೆ ಕೇಸಿನಲ್ಲಿ ಸಿಕ್ಕಿಬಿದ್ದ ಅಂತ ಸುದ್ದಿ ಬಂದರೆ ಸಾಕು, ಟಿವಿಯಲ್ಲಿ ವಯಸ್ಸಿನದೇ ಜಗಳ. ಅವನು ಹುಡುಗನೋ, ದೊಡ್ಡವನೋ?

ಗೆರೆ ಅತ್ತಿತ್ತ ಸರಿದ ಕಥೆ ಚಿಕ್ಕದು. 1986ರ ಬಾಲ ನ್ಯಾಯ ಕಾಯ್ದೆಯಲ್ಲಿ ಹುಡುಗರಿಗೆ 16, ಹುಡುಗಿಯರಿಗೆ 18. 2000ದ ಕಾಯ್ದೆಯಲ್ಲಿ ಇಬ್ಬರಿಗೂ 18. 2012ರ ಡಿಸೆಂಬರ್‌ನಲ್ಲಿ ದೆಹಲಿಯ ಬಸ್ಸಿನಲ್ಲಿ ಅತ್ಯಾಚಾರ ನಡೆಯಿತು. ಆರು ಆರೋಪಿಗಳಲ್ಲಿ ಒಬ್ಬನಿಗೆ 18 ತುಂಬಲು ಕೆಲವೇ ತಿಂಗಳು ಬಾಕಿಯಿತ್ತು. ವಯಸ್ಸು ಇಳಿಸುವುದು ಬೇಡ ಎಂದು ಆಮೇಲೆ ಸರ್ಕಾರ ನೇಮಿಸಿದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ಹೇಳಿತು. ಸಿಟ್ಟು ತಣಿಯಲಿಲ್ಲ. ಮೂರು ವರ್ಷ ಕಳೆದು ಆ ಹುಡುಗ ಹೊರಬಂದ ವಾರದಲ್ಲೇ ರಾಜ್ಯಸಭೆ ಹೊಸ ಮಸೂದೆಗೆ ಒಪ್ಪಿಗೆ ಕೊಟ್ಟಿತು.

2016ರ ಜನವರಿಯಲ್ಲಿ ಜಾರಿಗೆ ಬಂದ ಈ ಕಾಯ್ದೆ ಒಂದು ನಡುದಾರಿ ಹಿಡಿಯಿತು. ಗೆರೆ 18ರಲ್ಲೇ ಉಳಿಯಿತು. ಆದರೆ 16 ತುಂಬಿದವರ ಮೇಲೆ ಕನಿಷ್ಠ 7 ವರ್ಷ ಶಿಕ್ಷೆಯಿರುವ ಘೋರ ಅಪರಾಧದ ಆರೋಪವಿದ್ದರೆ, ಮಕ್ಕಳ ಕೇಸು ನೋಡುವ ಬಾಲ ನ್ಯಾಯ ಮಂಡಳಿ ಮೊದಲು ಅಳೆದು ನೋಡಬೇಕು. ಮಾಡುವ ಶಕ್ತಿ ಇತ್ತೇ? ಪರಿಣಾಮ ಗೊತ್ತಿತ್ತೇ? ಯಾವ ಪರಿಸ್ಥಿತಿಯಲ್ಲಿ ನಡೆಯಿತು? ಮೂರು ತಿಂಗಳೊಳಗೆ ಇದು ಮುಗಿಯಬೇಕು. ಆಮೇಲೆ ಬೇಕೆನಿಸಿದರೆ ಕೇಸು ಮಕ್ಕಳ ನ್ಯಾಯಾಲಯಕ್ಕೆ ಹೋಗುತ್ತದೆ; ಅಲ್ಲಿ ಅವನನ್ನು ದೊಡ್ಡವನಂತೆ ವಿಚಾರಣೆ ಮಾಡಬಹುದು.

ಮೊದಲೆರಡು ಪ್ರಶ್ನೆಗಳ ಮೇಲೆ ವಕೀಲರು ಗಂಟೆಗಟ್ಟಲೆ ವಾದಿಸಬಹುದು. ಮೂರನೆಯದರ ಉತ್ತರ ಬಹುಪಾಲು ಇರುವುದು ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಆಫೀಸರ್) 15 ದಿನದಲ್ಲಿ ಕೊಡಬೇಕಾದ ಸಾಮಾಜಿಕ ತನಿಖಾ ವರದಿಯಲ್ಲಿ. 2016ರ ಮಾದರಿ ನಿಯಮಗಳ 6ನೇ ಫಾರಂ ಅದು. ಒಮ್ಮೆ ಓದಿ ನೋಡಿ. ಶಾಲೆ ಯಾಕೆ ಬಿಟ್ಟ? ಗೆಳೆಯರು ಎಂಥವರು? ಮನೆಯಲ್ಲಿ ಯಾರಾದರೂ ಅಪರಾಧ ಮಾಡಿದ್ದಾರೆಯೇ? ಹೊಡೆತ, ಲೈಂಗಿಕ ಕಿರುಕುಳ ಅನುಭವಿಸಿದ್ದಾನೆಯೇ? ದೊಡ್ಡವರ ಗ್ಯಾಂಗು ಅವನನ್ನು ಬಳಸಿಕೊಂಡಿತೇ?

ಸುಮ್ನೆ ಕೇಳಿದ ಪ್ರಶ್ನೆಗಳಲ್ಲ ಇವು. ಏರಿಯಾದ ಅಣ್ಣಂದಿರ ಹಿಂದೆ ಲಾಂಗು ಹಿಡಿದು ಕೊಲೆಗೆ ಹೋದ ಹುಡುಗನ ದಾರಿ ಬೇರೆ. ಅಮ್ಮನನ್ನು ಹೊಡೆಯುವ ಅಪ್ಪನಿಗೆ ಒಂದು ರಾತ್ರಿ ಚಾಕು ಹಾಕಿ ಕೊಂದವನದು ಬೇರೆ. ಚಿಕ್ಕ ಮಗುವಿನ ಮೇಲೆ ಅತ್ಯಾಚಾರ ಮಾಡಿದವನದು ಮತ್ತೂ ಬೇರೆ. ಕಾಯ್ದೆಗೆ ಮೂರೂ ಘೋರವೇ. ಎಂಟನೇ ವಯಸ್ಸಿಗೇ ಹೊಡೆದಾಟ ಶುರುಮಾಡಿದವನನ್ನೂ ಹದಿನಾರಕ್ಕೆ ಗೆಳೆಯರ ಜೊತೆ ಕೆಟ್ಟವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂದು ಅಮೆರಿಕದ ಮನಶ್ಶಾಸ್ತ್ರಜ್ಞೆ ಟೆರಿ ಮೊಫಿಟ್ 1993ರಲ್ಲೇ ವಾದಿಸಿದ್ದರು. ಎರಡನೆಯವರಲ್ಲಿ ಹೆಚ್ಚಿನವರು ವಯಸ್ಸು ಬಲಿತಂತೆ ಅದನ್ನು ಬಿಟ್ಟುಬಿಡುತ್ತಾರೆ.

2022ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಮಂಡಳಿಯ ಈ ಅಳೆಯುವಿಕೆ ನಾಜೂಕಿನ ಕೆಲಸ, ಮಂಡಳಿಯಲ್ಲೇ ಮಕ್ಕಳ ಮನಶ್ಶಾಸ್ತ್ರದ ಪರಿಣತರಿಲ್ಲದಿದ್ದರೆ ಹೊರಗಿನ ಪರಿಣತರ ನೆರವು ಬೇಕೇ ಬೇಕು ಎಂದಿತು. ಆ ಕ್ಷಣಕ್ಕೆ ಏನಾಗುತ್ತದೆಂದು ಗೊತ್ತಿದ್ದರೆ ಸಾಲದು, ಮುಂದೆ ಏನೆಲ್ಲ ಆಗಬಹುದೆಂಬ ಅರಿವಿತ್ತೇ ಎಂಬುದನ್ನೂ ನೋಡಬೇಕು ಎಂದಿತು. ಮರುವರ್ಷ ಈ ಅಳೆಯುವಿಕೆಗೆ ಮಾರ್ಗಸೂಚಿಯೂ ಬಂತು.

ಆದರೂ ಒಂದು ತೊಡಕು ಉಳಿದಿದೆ. ಶಾಲೆ ಬಿಟ್ಟಿದ್ದಾನೆ, ಹತ್ತರಿಂದಲೇ ದುಡಿಯುತ್ತಿದ್ದಾನೆ, ಅಪ್ಪ ಕುಡುಕ. ಇದನ್ನು ಓದಿ ಒಬ್ಬರು ಈ ಹುಡುಗನಿಗೆ ನೆರವು ಬೇಕು ಅನ್ನಬಹುದು. ಇನ್ನೊಬ್ಬರು ಇವನು ಲೋಕ ಕಂಡವನು, ದೊಡ್ಡವನೇ ಅನ್ನಬಹುದು. ಫಾರಂ ಅದೇ, ಅಲ್ವಾ?