ಇಲಿ ಬದುಕಿದರೆ ಎಮ್ಮೆ ಬದುಕುತ್ತಾ?

ದನದ ಡಾಕ್ಟರಾಗಿ ಇಳಕಲ್, ಹುನಗುಂದ ಕಡೆ ಕ್ವಾರಿ ಇರೋ ಊರಿಗೆ ಹೋದಾಗೆಲ್ಲ ಒಂದೇ ಮಾತು ಕೇಳಿ ಸಾಕಾಗಿದೆ. ‘ಸಾಹೇಬ್ರ, ಇಲಿಗೇ ಏನೂ ಆಗೂದಿಲ್ರಿ, ಎಮ್ಮಿಗೇನ್ ಆಗ್ತೈತಿ?’ ಬ್ಲಾಸ್ಟಿಂಗ್‌ಗೆ ಡೀಸೆಲ್ ಜೊತೆ ಕಲಸುವ ಅಮೋನಿಯಂ ನೈಟ್ರೇಟ್ ಬಗ್ಗೆ ಈ ಮಾತು. ಸೂಪರ್‌ವೈಸರ್ ಮೊಬೈಲ್ ತೆಗೆದು ಅಂಕಿ ತೋರಿಸುತ್ತಾರೆ. ಅಂಕಿ ಸುಳ್ಳಲ್ಲ: ಇಲಿಗಳಲ್ಲಿ ಎಲ್‌ಡಿ50 ಒಂದು ಕೆಜಿ ತೂಕಕ್ಕೆ 2,000 ಮಿಲಿಗ್ರಾಂಗಿಂತ ಜಾಸ್ತಿ, ಅಡುಗೆ ಉಪ್ಪಿನ ಹತ್ತಿರ ಹತ್ತಿರ. ಎಲ್‌ಡಿ50 ಅಂದರೆ ಪರೀಕ್ಷೆಗಿಟ್ಟ ಇಲಿಗಳಲ್ಲಿ ಅರ್ಧದಷ್ಟು ಸಾಯುವ ಪ್ರಮಾಣ, ಉಳಿದರ್ಧ ಆರಾಮಾಗಿದ್ದವು ಅಂತಲ್ಲ.

ಆದರೆ ನನ್ನ ತಕರಾರು ಬೇರೆ. ಇಲಿಗೆ ಎಮ್ಮೆಯ ಹೊಟ್ಟೆ ಇಲ್ಲ! ಮೆಲುಕು ಹಾಕುವ ಪ್ರಾಣಿಯ ದೊಡ್ಡ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳು ನೈಟ್ರೇಟನ್ನು ಮೊದಲು ನೈಟ್ರೈಟ್ ಮಾಡುತ್ತವೆ, ಆಮೇಲೆ ಅಮೋನಿಯಾ. ಒಮ್ಮೆಲೇ ಜಾಸ್ತಿ ನೈಟ್ರೇಟ್ ಒಳಗೆ ಹೋದರೆ ಎರಡನೇ ಕೆಲಸ ಹಿಂದೆ ಬೀಳುತ್ತೆ, ನೈಟ್ರೈಟ್ ರಕ್ತಕ್ಕೆ ಇಳಿದು ಹಿಮೋಗ್ಲೋಬಿನ್ ಆಮ್ಲಜನಕ ಹೊರದ ಹಾಗೆ ಮಾಡುತ್ತೆ, ದನ ಬಯಲಲ್ಲೇ ನಿಂತು ಉಸಿರಿಗೆ ಒದ್ದಾಡುತ್ತೆ. ಇಲಿಯಲ್ಲಿ ಈ ನೈಟ್ರೈಟ್ ಆಗೋದೇ ತೀರಾ ಕಮ್ಮಿ. ಮನುಷ್ಯರ ವಿಷಯದಲ್ಲೂ ಇಲಿ ನಂಬಿಕಸ್ತ ಸಾಕ್ಷಿ ಅಲ್ಲ, ನಮ್ಮ ಜೊಲ್ಲಿನಲ್ಲಿ ನೈಟ್ರೇಟ್ ಸೇರಿ ಬಾಯಲ್ಲೇ ನೈಟ್ರೈಟ್ ಆಗುತ್ತೆ. ಆರು ತಿಂಗಳೊಳಗಿನ ಕೂಸುಗಳಿಗಂತೂ ಅಪಾಯ ಜಾಸ್ತಿ. ಕುಡಿಯೋ ನೀರಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು ಅಂತ ಸುಮ್ನೆ ಹೇಳಿಲ್ಲ.

ಬೇರೆ ಸ್ಫೋಟಕಗಳದ್ದೂ ಇದೇ ಕಥೆ. ಟಿಎನ್‌ಟಿ ತಿನ್ನಿಸಿದ ಇಲಿಗೆ ರಕ್ತಹೀನತೆ, ನಾಯಿಗೆ ಲಿವರ್ ಪೆಟ್ಟು. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳ ಹೆಣ್ಣುಮಕ್ಕಳ ಮೈ ಹಳದಿಯಾಯಿತು, ಕೆಲವರು ಲಿವರ್ ಕೆಟ್ಟು ಸತ್ತರು.

ಒಬ್ಬ ಕಾಕಾ ಅಮೋನಿಯಂ ನೈಟ್ರೇಟ್ ತುಂಬಿದ್ದ ಕ್ವಾರಿಯ ಖಾಲಿ ಚೀಲ ತೊಳೆಯದೆ ಅದರಲ್ಲೇ ಹೊಟ್ಟು ತುಂಬಿಟ್ಟಿದ್ದರು. ಚೀಲದ ಮೂಲೆಯಲ್ಲಿ ಗಟ್ಟಿಯಾಗಿ ಕೂತ ಹರಳನ್ನು ಎಮ್ಮೆ ನೆಕ್ಕಿತ್ತು. ರೆಪ್ಪೆ ಬಿಡಿಸಿದರೆ ಒಳಗೆಲ್ಲ ಕಂದು, ಸೂಜಿಗೆ ಬಂದ ರಕ್ತ ಚಾಕೊಲೇಟ್ ಬಣ್ಣ. ಈ ವಿಷಕ್ಕೆ ಮದ್ದಾದ ಮಿಥಿಲೀನ್ ಬ್ಲೂ ನಿಧಾನಕ್ಕೆ ನರಕ್ಕೆ ಕೊಟ್ಟೆವು, ಎದ್ದಿತು. ಪ್ರತಿ ಸಲ ಏಳುತ್ತೆ ಅಂತ ಮಾತು ಕೊಡಲಾರೆ. ಕಾಕಾಗೆ ಬೈಯಬೇಕು ಅನ್ನುವಷ್ಟರಲ್ಲಿ ಚಹಾ ತಂದಿಟ್ಟರು.

ಬ್ಲಾಸ್ಟಿಂಗ್‌ನ ನೈಟ್ರೇಟ್ ಸೇರಿರಬಹುದಾದ ಕ್ವಾರಿ ಹೊಂಡದ ನೀರು ಕುದಿಸಿದರೆ ಆಯ್ತಲ್ಲ ಅಂತಲೂ ಕೇಳುತ್ತಾರೆ. ಕುದಿಸಿದರೆ ನೀರು ಕಮ್ಮಿಯಾಗುತ್ತೆ, ನೈಟ್ರೇಟ್ ಅಷ್ಟೇ ಇರುತ್ತೆ. ಮೊದಲು ಪರೀಕ್ಷೆ ಮಾಡಿಸಿ. ದನ ತೇಕುತ್ತಿದ್ದರೆ ಓಡಾಡಿಸಬೇಡಿ, ಫೋನ್ ಮಾಡಿ, ಯಾವ ಚೀಲ, ಎಷ್ಟೊತ್ತಿಗೆ ನೆಕ್ಕಿತು ಹೇಳಿ. ಚೀಲದ ಫೋಟೋ ಕಳಿಸಿದರೆ ಔಷಧಿ ತಗೊಂಡೇ ಹೊರಡಬಹುದು.